ಪೌಡರ್ ಮೇಷ್ಟ್ರ ಶನಿವಾರದ ಕಳ್ಳರು

ನನ್ನ ದಡ್ಡತನವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ, ಒಂದು ಸೋಮವಾರ ಮುಂಜಾನೆ, ಎಲ್ಲರ ನಡುವೆ ನಿಂತು ನಾನು ಒಂದು ಚೀಟಿಯನ್ನು ನುಂಗಿದೆ. ಅದರಲ್ಲಿ 'ಕಳ್ಳ' ಎಂದು ಬರೆದಿತ್ತು. ನೀರಿರಲಿಲ್ಲ, ಬಾಯಿ ಒಣಗಿತ್ತು, ಕಾಗದ ಗಂಟಲಿಗೆ ಅಡ್ಡ ನಿಂತು ಕೆಮ್ಮು ಬಂತು. ಪಕ್ಕದವನು ಬೆನ್ನಿಗೆ ಗುದ್ದಿದ. ಚೀಟಿ ಇಳಿಯಿತು. ಆ ಒಂದು ಗುಟುಕಿಗೆ ಒಬ್ಬ ಜವಾನನ ಕೆಲಸ ಹೋಯಿತು, ಒಬ್ಬ ಮೇಷ್ಟ್ರು ಇದ್ದೂ ಇಲ್ಲದಂತಾದರು. ನನಗೆ ಏನೂ ಆಗಲಿಲ್ಲ. ಹೊಟ್ಟೆನೋವು ಕೂಡ ಬರಲಿಲ್ಲ.

ಆ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೂ ಕೊಟ್ಟೂರಿನಲ್ಲಿ ಬಹಳ ಜನಕ್ಕೆ ಗೊತ್ತಾಗಲಿಕ್ಕಿಲ್ಲ. 'ಪೌಡರ್ ಮೇಷ್ಟ್ರು' ಅಂದರೆ ಮಾತ್ರ ನನ್ನ ವಾರಿಗೆಯ ಯಾರೇ ಆದರೂ "ಹೋ, ಅವರಾ" ಅನ್ನುತ್ತಾರೆ. ಆ ಹೆಸರು ಇಟ್ಟವನು ನಾನು. ಆಗ ನನಗೆ ಅದೇ ಉದ್ಯೋಗ. ಮೊರದಂಥ ಕಿವಿ, ಕಡ್ಡಿಯಂಥ ಕಾಲು, ಗಣಿತದಲ್ಲಿ ಹನ್ನೊಂದು ಅಂಕ, ಇಷ್ಟು ಆಸ್ತಿ ಇಟ್ಟುಕೊಂಡು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದೆ. ಹೆಡ್‌ಮಾಸ್ತರು ಮೂಗಿನ ಹೊಳ್ಳೆ ಅರಳಿಸುವುದು, ಕನ್ನಡ ಮೇಡಂ ಸೆರಗಿನ ತುದಿಯಿಂದ ಕನ್ನಡಕ ಒರೆಸುವುದು, ಬಸ್‌ಸ್ಟ್ಯಾಂಡಿನವನು "ಹರಪನಳ್ಳಿ, ಹರಪನಳ್ಳಿ" ಎಂದು ಮೂಗಿನಲ್ಲೇ ಕೂಗುವುದು, ಎಲ್ಲ ನನ್ನ ಬಳಿ ಇದ್ದವು. ಆದರೆ ದನಿಗಿಂತ ನನಗೆ ನಡಿಗೆ ಚೆನ್ನಾಗಿ ಬರುತ್ತಿತ್ತು. ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಹುಡುಗರು ಇಂಥವರೇ ಎಂದು ಹೇಳಿಬಿಡುತ್ತಿದ್ದರು.

ಮೇಷ್ಟ್ರು ನಮಗೆ ವಿಜ್ಞಾನ ಹೇಳುತ್ತಿದ್ದರು. ಹಿರೇಹಡಗಲಿಯವರು. ಕುಳ್ಳಗೆ, ಅರ್ಧ ಮಡಿಚಿದ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಕರವಸ್ತ್ರದಲ್ಲಿ ಸುತ್ತಿದ ಭೂತಗನ್ನಡಿ. ಕುರ್ಚಿಯ ಮೇಲೆ ಕೂರುವ ಮುನ್ನ ಬಗ್ಗಿ ಅದನ್ನೊಮ್ಮೆ ನೋಡುತ್ತಿದ್ದರು. ಯಾರು ಕೂತಿದ್ದರು, ಯಾವಾಗ ಎದ್ದು ಹೋದರು ಎಂದು ಕುರ್ಚಿಯನ್ನೇ ವಿಚಾರಿಸುವವರ ಹಾಗೆ. "ಇಲ್ಲೊಬ್ರು ಮಿರ್ಚಿ ತಿಂದು ಕೈ ಒರಸ್ಯಾರ. ಎಡಗೈ," ಅನ್ನುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಎಡಚರು. ಪಾಪ, ಸ್ಟಾಫ್ ರೂಮಿನಲ್ಲಿ ಮಿರ್ಚಿ ತಿನ್ನುವುದನ್ನೇ ಬಿಟ್ಟರು.

ಏನು ಹೇಳಿದರೂ "ಆಮ್ಯಾಲೆ?" ಎನ್ನುವುದು ಇವರ ಮಾತು. ತಡವಾಗಿ ಬಂದು "ಸಾರ್, ಎಮ್ಮಿ ಹಗ್ಗ ಹರಕಂಡಿತ್ತು" ಎಂದರೆ, "ಆಮ್ಯಾಲೆ?" "ಹಿಡಿಯಾಕ ಹೋಗಿದ್ನಿ ಸಾರ್." "ಆಮ್ಯಾಲೆ?" ಮೂರನೆಯ 'ಆಮ್ಯಾಲೆ'ಗೆ ನನ್ನ ಸುಳ್ಳಿನ ಎಮ್ಮೆ ಸತ್ತೇಹೋಗುತ್ತಿತ್ತು.

ಶನಿವಾರ ಮುಂಜಾನೆಯ ಶಾಲೆ. ಗಂಟೆ ಹೊಡೆದ ಮೇಲೆ ಇಷ್ಟವಿದ್ದವರು ಲ್ಯಾಬಿನಲ್ಲಿ ಉಳಿಯಬಹುದಿತ್ತು. ಅದನ್ನು ಅವರು ವಿಧಿವಿಜ್ಞಾನ ಅನ್ನುತ್ತಿದ್ದರು, ನಾವು ಕಳ್ಳ ಹಿಡಿಯೋ ಕ್ಲಾಸು ಅನ್ನುತ್ತಿದ್ದೆವು. ಚಾದಂಗಡಿಯಿಂದ ಗಾಜಿನ ಲೋಟ ತರಿಸಿ, ಒಬ್ಬನಿಂದ ಮುಟ್ಟಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಅದರ ಮೇಲೆ ಉದುರಿಸಿ, ಮೆತ್ತನೆಯ ಬ್ರಷ್ಷಿನಿಂದ ಸವರುತ್ತಿದ್ದರು. ಏನೂ ಇಲ್ಲದ ಗಾಜಿನ ಮೇಲೆ ಗೆರೆಗೆರೆಯಾಗಿ ಒಂದು ಬೆರಳು ಬೆಳ್ಳಗೆ ಎದ್ದು ಬರುತ್ತಿತ್ತು. ಮೊದಲ ಸಲ ನೋಡಿದಾಗ ನಾವು ಇಪ್ಪತ್ತು ಜನ ಉಸಿರು ಬಿಟ್ಟಿರಲಿಲ್ಲ. ಡಬ್ಬಿ ಅವರ ಮನೆಯವರದು. ಆ ಅಮ್ಮ ಒಮ್ಮೆ ಸಂತೆಯಲ್ಲಿ ನಮ್ಮವ್ವನಿಗೆ ಸಿಕ್ಕು, "ಏನ್ ಹೇಳ್ಲೆವ್ವಾ, ಮದಿವಿಗೆ ಹೊಂಟು ನಿಂತ್ರ ಡಬ್ಬಿ ಖಾಲಿ. ನಮ್ಮನಿಯವ್ರು ಊರಾಗಿನ ಲೋಟಕ್ಕೆಲ್ಲ ಪೌಡರ್ ಹಚ್ಯಾರ, ನನಗೊಬ್ಬಾಕಿಗೆ ಇಲ್ಲ" ಎಂದಿದ್ದರು. ಮರುದಿನ ಶಾಲೆಯಲ್ಲಿ ಹೊಸ ಹೆಸರು ಹುಟ್ಟಿತು.

ಒಂದು ಉದ್ದನೆಯ ರಿಜಿಸ್ಟರಿನಲ್ಲಿ ನಮ್ಮೆಲ್ಲರ ಹತ್ತು ಬೆರಳುಗಳನ್ನೂ ಇಂಕ್ ಪ್ಯಾಡಿಗೆ ಒತ್ತಿಸಿ ಗುರುತು ತೆಗೆದರು. ಅದಕ್ಕೆ ಒಂದು ಜಗಳವೇ ಆಯಿತು. ಒಬ್ಬ ಹುಡುಗಿಯ ಅಪ್ಪ ಕೂಡ್ಲಿಗಿ ರಸ್ತೆಯ ಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬಂದು ಲ್ಯಾಬಿನ ಬಾಗಿಲಲ್ಲಿ ನಿಂತ.

"ಏನ್ ಮೇಷ್ಟ್ರೇ, ನಮ್ಮಪ್ಪ ಹೆಬ್ಬೆಟ್ಟು, ನಾ ಹೆಬ್ಬೆಟ್ಟು. ಮಗಳರ ಸಹಿ ಮಾಡ್ಲಿ ಅಂತ ಸಾಲಿಗೆ ಹಾಕಿದ್ರ ನೀವೂ ಹೆಬ್ಬೆಟ್ಟು ಒತ್ತಿಸ್ತೀರೇನ್ರಿ?"

ಮೇಷ್ಟ್ರು ನಗಲಿಲ್ಲ. ಆ ಮನುಷ್ಯನನ್ನು ಒಳಗೆ ಕರೆದು, ಬೆಂಚಿನ ಮೇಲೆ ಕೂರಿಸಿ, ಅವನ ಹೆಬ್ಬೆರಳನ್ನೇ ಒತ್ತಿಸಿ, ಭೂತಗನ್ನಡಿ ಕೈಗೆ ಕೊಟ್ಟರು. "ನೋಡ್ರಿ. ನನ್ನ ಸಹಿ ಈ ಹುಡುಗ ಮಾಡ್ತಾನ," ಎಂದು ನನ್ನತ್ತ ಬೆರಳು ತೋರಿಸಿದರು, ನನಗೆ ಬೆವರು. "ನಿಮ್ಮ ಈ ಹೆಬ್ಬೆಟ್ಟು ಮಾತ್ರ ದೇವ್ರು ಬಂದ್ರೂ ಮಾಡಾಕ ಬರಲ್ಲ." ಆ ಮನುಷ್ಯ ಗಾಜಿನೊಳಗೆ ತನ್ನ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದ. ಹೋಗುವಾಗ ಆ ಕಾಗದ ಕೊಡ್ರಿ ಎಂದು ಕೇಳಿ ಇಸಿದುಕೊಂಡು ಹೋದ.

ಹರೆಯದಲ್ಲಿ ಮೇಷ್ಟ್ರು ಪೊಲೀಸ್ ಲ್ಯಾಬಿನ ಕೆಲಸಕ್ಕೆ ಅರ್ಜಿ ಹಾಕಿದ್ದರಂತೆ. ಸಂದರ್ಶನಕ್ಕೆ ಹೊರಟ ದಿನ ಬಸ್ಸು ಕೂಡ್ಲಿಗಿ ದಾಟಿ ಕೆಟ್ಟು ನಿಂತಿತಂತೆ. ಇದನ್ನು ಅವರು ದುಃಖದಿಂದ ಹೇಳುತ್ತಿರಲಿಲ್ಲ. ಬಸ್ಸಿನ ಯಾವ ಭಾಗ ಯಾವ ಸದ್ದು ಮಾಡಿ ಕೆಟ್ಟಿತು ಎನ್ನುವುದನ್ನೇ ವಿವರವಾಗಿ ಹೇಳುತ್ತಿದ್ದರು. ದುಃಖ ಎಲ್ಲಿತ್ತು ಎಂದು ನನಗೆ ಗೊತ್ತಾದದ್ದು ಆ ಸೋಮವಾರ.

ಅವರು ಕಲಿಸಿದ್ದರಲ್ಲಿ ಮುಖ್ಯವಾದದ್ದು ಪೌಡರೂ ಅಲ್ಲ, ಬೆರಳೂ ಅಲ್ಲ, ಒಂದು ನೋಟ್‌ಬುಕ್ಕು. ಅದರ ಎಡಪುಟದಲ್ಲಿ 'ಕಂಡದ್ದು', ಬಲಪುಟದಲ್ಲಿ 'ಅನಿಸಿದ್ದು'. ಎರಡೂ ಬೆರೆಯಬಾರದು. ನಾನು ಒಮ್ಮೆ ಎಡಪುಟದಲ್ಲಿ 'ಹೆಡ್‌ಮಾಸ್ತರು ಸಿಟ್ಟಾಗಿದ್ದರು' ಎಂದು ಬರೆದೆ.

"ಸಿಟ್ಟು ಕಂಡ್ಯೇನಲೇ? ಯಾವ ಬಣ್ಣ ಇತ್ತು?"

"ಮೂಗು ಹಿಂಗ ಅರಳಿತ್ತು ಸಾರ್," ಎಂದು ಮಾಡಿ ತೋರಿಸಿದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

"ಅದನ್ನ ಎಡಕ್ಕೆ ಬರಿ. ಸಿಟ್ಟು ಬಲಕ್ಕೆ. ನೆಗಡಿನೂ ಆಗಿರಬಹುದು."

ಆ ದಿನ ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿ, "ನನ್ನ ಮಾಡು ನೋಡಾಣ" ಎಂದರು. ಹೆದರುತ್ತಲೇ ಬಗ್ಗಿ ಕುರ್ಚಿ ನೋಡಿದೆ, ಕರವಸ್ತ್ರ ಬಿಚ್ಚಿದೆ, "ಆಮ್ಯಾಲೆ?" ಅಂದೆ. ಅವರ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. "ಉಳಿದವ್ರು ನೋಡೂದ ಇಲ್ಲ. ನೀ ನೋಡ್ತೀ. ನಿನಗೊಬ್ಬಗ ಈ ಕೆಲಸ ಬರತೈತಿ," ಎಂದರು. ಮನೆಯಲ್ಲಿ, ಶಾಲೆಯಲ್ಲಿ, ಓಣಿಯಲ್ಲಿ, ನನಗೆ ಯಾವುದಾದರೂ ಕೆಲಸ ಬರುತ್ತದೆ ಎಂದು ಹೇಳಿದವರು ಅವರೊಬ್ಬರೇ. ನಾನು ಅದಕ್ಕೆ ಏನು ಮಾಡಬೇಕಿತ್ತು? ನೆಟ್ಟಗೆ ಇರಬೇಕಿತ್ತು. ಆದರೆ ಕೋತಿಗೆ ಮೆಚ್ಚಿ ಬೆನ್ನು ತಟ್ಟಿದರೆ ಅದು ಹೆಗಲಿಗೇ ಏರುತ್ತದೆ.

ಶನಿವಾರದ ಆಟ ಹೀಗಿತ್ತು. ಒಂದು ಡಬ್ಬಿಯಲ್ಲಿ ಇಪ್ಪತ್ತು ಚೀಟಿ. ಹತ್ತೊಂಬತ್ತು ಖಾಲಿ, ಒಂದರಲ್ಲಿ 'ಕಳ್ಳ'. ಯಾರಿಗೆ ಬಂತೋ ಅವರು ಯಾರಿಗೂ ಹೇಳಬಾರದು, ಮೇಷ್ಟ್ರಿಗೂ. ಸೋಮವಾರದೊಳಗೆ ಹಿಂಬಾಗಿಲಿನಿಂದ ಲ್ಯಾಬಿಗೆ ಹೋಗಿ ಏನಾದರೊಂದು ಸಣ್ಣ ವಸ್ತು ಎತ್ತಬೇಕು. ಹಿಂಬಾಗಿಲಿನ ಹೊರಗೆ ಮೇಷ್ಟ್ರು ಜರಡಿ ಹಿಡಿದ ಮಣ್ಣನ್ನು ಸಸಿ ಮಡಿಯ ಹಾಗೆ ಹಾಸಿ ಸಪಾಟು ಮಾಡಿ ಇಟ್ಟಿರುತ್ತಿದ್ದರು. ಸೋಮವಾರದ ಪೀರಿಯಡ್ಡಿನಲ್ಲಿ ಉಳಿದವರೆಲ್ಲ ಸೇರಿ ಹೆಜ್ಜೆ, ಬೆರಳು, ಕೂದಲು, ನೂಲು ಹುಡುಕಿ ಕಳ್ಳನ ಹೆಸರು ಹೇಳಬೇಕು. ಹೇಳಿದ ಮೇಲೆ ಕಳ್ಳ ಎದ್ದು ಚೀಟಿ ತೋರಿಸಬೇಕು. ಒಬ್ಬನನ್ನು ಕಂಬಳಿಯ ಒಂದು ಕರಿ ಎಳೆಯಿಂದ ಹಿಡಿದೆವು. ಇನ್ನೊಬ್ಬಳನ್ನು ಬಾಗಿಲಿಗೆ ತಾಗಿದ್ದ ಕೊಬ್ಬರಿ ಎಣ್ಣೆಯಿಂದ. "ಮಂದಿ ಸುಳ್ಳು ಹೇಳ್ತಾರ, ಮಣ್ಣು ಹೇಳಲ್ಲ," ಎಂದು ಮೇಷ್ಟ್ರು ಹಿಗ್ಗುತ್ತಿದ್ದರು.

ನನಗೆ ಚೀಟಿ ಬಂತು. ಮೇಷ್ಟ್ರ ಮಣ್ಣಿನಿಂದ ಒಂದು ಸುಳ್ಳು ಹೇಳಿಸಬೇಕು ಎನಿಸಿತು.

ಮರುಳಪ್ಪಣ್ಣ ನಮ್ಮ ಶಾಲೆಯ ಜವಾನ. ಉಜ್ಜಿನಿಯವನು. ಹನ್ನೊಂದು ವರ್ಷದಿಂದ ಟೆಂಪರರಿ. ಈ ವರ್ಷ ಕಾಯಂ ಮಾಡುತ್ತೇವೆಂದು ಶಾಲೆಯ ಕಮಿಟಿಯವರು ಪ್ರತಿ ವರ್ಷ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಬೇವಿನ ಮರದಿಂದ ಬಿದ್ದು ಎಡಗಾಲು ಗಿಡ್ಡವಾಗಿತ್ತು. ಬಲಗಾಲು ಊರಿ, ಎಡಗಾಲನ್ನು ಅರ್ಧ ಚಂದ್ರದ ಹಾಗೆ ಎಳೆದು ತರುತ್ತಿದ್ದ. ಲಾರಿಯ ಟೈರಿನಿಂದ ಮಾಡಿದ ಚಪ್ಪಲಿ. ಎಡಗಡೆಯದು ಹೊರ ಅಂಚಿನಲ್ಲಿ ಸವೆದಿತ್ತು. ಆ ನಡಿಗೆಯನ್ನು ನಾನು ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಮಾಡಿ ತೋರಿಸಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಮರುಳಪ್ಪಣ್ಣನೇ. "ಲೇ ನಕಲಿ, ನನಗಿಂತ ಚಂದ ಕುಂಟ್ತೀಯಲ್ಲಲೇ" ಎಂದಿದ್ದ.

ಶನಿವಾರ ಮಧ್ಯಾಹ್ನ ಅವನು ಉಂಡು ವರಾಂಡದಲ್ಲಿ ಮಲಗಿದ್ದ. ಚಪ್ಪಲಿ ಮೆಟ್ಟಿಲ ಕೆಳಗಿದ್ದವು. ಹಾಕಿಕೊಂಡೆ. ಮಡಿಯ ಮೇಲೆ ಬಲಗಾಲು ಊರಿ, ಎಡಗಾಲು ಎಳೆದು, ಅವನ ಹಾಗೇ ಸೊಂಟದ ಮೇಲೆ ಕೈ ಇಟ್ಟುಕೊಂಡು ಲ್ಯಾಬಿಗೆ ಹೋಗಿ ಒಂದು ಲಾಳಾಕಾರದ ಅಯಸ್ಕಾಂತ ಎತ್ತಿಕೊಂಡು ಹಾಗೇ ಹೊರಬಂದೆ. ತಿರುಗಿ ನೋಡಿದರೆ ಮಣ್ಣಿನ ಮೇಲೆ ಮರುಳಪ್ಪಣ್ಣ ಬಂದು ಹೋಗಿದ್ದ. ನಾನು ಎಲ್ಲೂ ಇರಲಿಲ್ಲ. ಅಷ್ಟು ಖುಷಿ ನನಗೆ ಇನ್ನೊಮ್ಮೆ ಆಗಿಲ್ಲ, ಆಗುವುದೂ ಬೇಡ.

ಸೋಮವಾರ. ಮಡಿಯ ಸುತ್ತ ಹುಡುಗರು. ಮೇಷ್ಟ್ರು ಹೆಜ್ಜೆಗಳ ಅಂತರವನ್ನು ದಾರದಲ್ಲಿ ಅಳೆದು ಗಂಟು ಹಾಕಿಕೊಂಡು, ಮುರಿದ ಕೈಗೆ ಕಟ್ಟುವ ಪ್ಲಾಸ್ಟರ್ ಪುಡಿಯನ್ನು ಕಲಸಿ ಹೆಜ್ಜೆಗೆ ಹೊಯ್ದು, ಗಟ್ಟಿಯಾದ ಮೇಲೆ ಎತ್ತಿ, ಬ್ರಷ್ಷಿನಿಂದ ಮಣ್ಣು ಝಾಡಿಸಿದರು. ಟೈರಿನ ಗೀರು, ಹೊರ ಅಂಚಿನ ಸವೆತ.

"ಯಾರದಲೇ ಇದು?"

"ಮರುಳಪ್ಪಣ್ಣಂದು ಸಾರ್!" ಎಂದು ಎಲ್ಲರೂ ಕೂಗಿದರು. ನಾನೂ ಕೂಗಿದೆ. ಜೇಬಿನಲ್ಲಿ ಚೀಟಿಯನ್ನು ಬೆರಳಿನಿಂದ ತಿರುಗಿಸುತ್ತಿದ್ದೆ, ಇನ್ನೇನು ತೆಗೆದು ತೋರಿಸಬೇಕು, ಮೇಷ್ಟ್ರ ಭುಜ ಕುಣಿಯಬೇಕು.

ಆಗ ಹೆಡ್‌ಮಾಸ್ತರು ಬಂದರು. ಮೂಗು ಅರಳಿತ್ತು. ಲ್ಯಾಬಿನ ಬೀರುವಿನಲ್ಲಿ ಹಿತ್ತಾಳೆಯ ಮೈಕ್ರೋಸ್ಕೋಪು ಇಲ್ಲ. ಶಾಲೆಗೆ ಇದ್ದದ್ದು ಅದೊಂದೇ, ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದು. ಬೀಗ ಒಡೆದಿಲ್ಲ, ಹಿಂಬಾಗಿಲು ಸರಿಯಾಗಿ ಹಾಕಿಲ್ಲ. ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ಮೇಷ್ಟ್ರ ಕೈಯ ಅಚ್ಚಿನ ಮೇಲೆ ಬಿತ್ತು. ಕಿವಿಗೆ ಹುಡುಗರ ಕೂಗು ಆಗಲೇ ಬಿದ್ದಿತ್ತು.

ಮೇಷ್ಟ್ರು ನಮ್ಮ ಕಡೆ ತಿರುಗಿದರು. "ಚೀಟಿ ಯಾರಿಗೆ ಬಂದಿತ್ತು? ಎದ್ದು ನಿಲ್ರಿ."

ನಾನು ನಿಂತೇ ಇದ್ದೆ, ಎಲ್ಲರೂ ನಿಂತೇ ಇದ್ದರು. ಒಂದು ಹೆಜ್ಜೆ ಮುಂದೆ ಬಂದರೆ ಸಾಕಿತ್ತು. ಬಂದರೆ ಲ್ಯಾಬಿಗೆ ಹೋದವನು ನಾನು, ಹೋದದ್ದು ಮೈಕ್ರೋಸ್ಕೋಪು. ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ಕೆಮ್ಮು, ಗುದ್ದು, ಅದನ್ನೆಲ್ಲ ಆಗಲೇ ಹೇಳಿದ್ದೇನೆ.

ಆ ದಿನ ಇಬ್ಬರು ಗೈರಾಗಿದ್ದರು. ಚೀಟಿ ಅವರಲ್ಲೊಬ್ಬರಿಗೆ ಬಂದಿರಬೇಕು, ಅವರು ಆಟ ಆಡಿಲ್ಲ, ಹಾಗಾದರೆ ಈ ಹೆಜ್ಜೆ ಆಟದ್ದಲ್ಲ, ಎಂದು ಮೇಷ್ಟ್ರಿಗೆ ಅನಿಸಿರಬೇಕು. ಆದರೂ ತಡವರಿಸಿದರು. ಹೆಡ್‌ಮಾಸ್ತರು ಬಿಡಲಿಲ್ಲ. "ಬರ್ದು ಕೊಡ್ರಿ ಮೇಷ್ಟ್ರೇ. ಇಷ್ಟು ವರ್ಷ ಹುಡುಗ್ರಿಗೆ ಕಲಿಸಿದ್ದು ವಿದ್ಯೆನೋ, ಗೋಲಿ ಆಟಾನೋ?"

ಜೀವನದಲ್ಲಿ ಮೊದಲ ಸಲ ಯಾರೋ ಅವರ ಆ ವಿದ್ಯೆಯನ್ನು ನಿಜವಾದ ಕೆಲಸಕ್ಕೆ ಕೇಳಿದ್ದರು. ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಅಂಗಿಯ ಮಣ್ಣು ಕೊಡವಿಕೊಂಡರು. ಮೇಜಿನ ಮೇಲೆ ಕಾಗದ ಇಟ್ಟುಕೊಂಡು, ದುಂಡಗಿನ ಅಕ್ಷರದಲ್ಲಿ ಒಂದೇ ವಾಕ್ಯ ಬರೆದು ಸಹಿ ಮಾಡಿದರು: 'ಈ ಹೆಜ್ಜೆಗಳು ಜವಾನ ಮರುಳಪ್ಪನವು.' ಕಂಡದ್ದು ಚಪ್ಪಲಿ. ಮರುಳಪ್ಪ ಅನಿಸಿದ್ದು. ನಮಗೆ ಎರಡು ವರ್ಷ ಕಿವಿ ಹಿಂಡಿ ಕಲಿಸಿದವರು ಬಲಪುಟದ ಮಾತನ್ನು ಎಡಪುಟದಲ್ಲಿ ಬರೆದರು.

ಮರುಳಪ್ಪಣ್ಣನನ್ನು ಕರೆಸಿದರು. ಅವನ ಚಪ್ಪಲಿಯನ್ನು ಅಚ್ಚಿನ ಮೇಲಿಟ್ಟರು. ಕೂತಿತು. ಅವನು ಬಗ್ಗಿ ಬಹಳ ಹೊತ್ತು ನೋಡಿ ನಿಧಾನವಾಗಿ ಹೇಳಿದ. "ಚಪ್ಲಿ ನಂದ ಐತ್ರಿ. ನಾ ಹೋಗಿಲ್ರಿ." ಆ ದಿನ ಅಲ್ಲಿದ್ದವರಲ್ಲಿ ಮೇಷ್ಟ್ರ ಪಾಠದಂತೆ ಮಾತಾಡಿದವನು ಅವನೊಬ್ಬನೇ.

ಶಾಲೆಯ ಮರ್ಯಾದೆ ಎಂದು ಪೊಲೀಸರಿಗೆ ಹೇಳಲಿಲ್ಲ. ಬುಧವಾರ ಕಮಿಟಿ ಕೂತಿತು, ಎದ್ದಿತು. ಮರುಳಪ್ಪಣ್ಣ ಗಂಟೆ ಹೊಡೆಯುವ ಕಬ್ಬಿಣದ ಕೋಲನ್ನು ಹೆಡ್‌ಮಾಸ್ತರ ಮೇಜಿನ ಮೇಲಿಟ್ಟು, ಕಾಲೆಳೆಯುತ್ತ ಗೇಟು ದಾಟಿದ. ಕಿಟಕಿಯಿಂದ ನೋಡುತ್ತಿದ್ದ ಹುಡುಗರು ನನ್ನತ್ತ ತಿರುಗಿ "ಮಾಡಲೇ, ಮಾಡಲೇ" ಎಂದು ಕಣ್ಣು ಮಿಟುಕಿಸಿದರು. ಮಾಡಲಿಲ್ಲ.

ಸೋಮವಾರ ಗೈರಾಗಿದ್ದ ಇಬ್ಬರೂ ಗುರುವಾರ ಬಂದರು. ಇಬ್ಬರೂ ತಮಗೆ ಬಂದದ್ದು ಖಾಲಿ ಚೀಟಿ ಎಂದರು. ಅದೇ ದಿನ ಮೇಷ್ಟ್ರು ಲ್ಯಾಬಿನ ಸಾಮಾನು ಎಣಿಸಿ ನೋಡಿದ್ದಾರೆ. ಅಯಸ್ಕಾಂತವೂ ಇಲ್ಲ. ಮೈಕ್ರೋಸ್ಕೋಪು ಕದಿಯುವವನು ಅಯಸ್ಕಾಂತ ಯಾಕೆ ಎತ್ತುತ್ತಾನೆ? ಅಂದರೆ ಹೆಜ್ಜೆ ಆಟದ್ದೇ, ಹಾಗೆ ನಡೆಯಬಲ್ಲವನು ಶಾಲೆಯಲ್ಲಿ ನಾನೊಬ್ಬನೇ. ಶಾಲೆ ಬಿಟ್ಟ ಮೇಲೆ ನನ್ನನ್ನು ಹಿಂಬಾಗಿಲಿಗೆ ಕರೆದುಕೊಂಡು ಹೋದರು. ಮಡಿ ಹೊಸದಾಗಿ ಸಪಾಟಾಗಿತ್ತು.

"ನಡಿ."

ನಡೆದೆ, ನನ್ನ ಹಾಗೆ.

"ನಿನ್ನಂಗ ಅಲ್ಲ."

ಬೇರೆ ದಾರಿ ಇರಲಿಲ್ಲ. ಬಲಗಾಲು ಊರಿದೆ, ಎಡಗಾಲು ಎಳೆದೆ. ಈ ಕಡೆಯಿಂದ ಆ ಕಡೆಗೆ ಹೋಗಿ ನಿಂತೆ. ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು ದಾರ ಹಿಡಿದು ಹೆಜ್ಜೆಯಿಂದ ಹೆಜ್ಜೆಗೆ ಅಳೆದರು. ಸೋಮವಾರದ ಅಳತೆಯ ಗಂಟು ದಾರದಲ್ಲಿ ಆಗಲೇ ಇತ್ತು. ಗಂಟು ಸರಿಯಾಗಿ ಹೆಜ್ಜೆಯ ಮೇಲೆ ಬಂತು. ಅವರು ಏಳಲಿಲ್ಲ. ಬಿಳಿ ಬಟ್ಟೆಯಲ್ಲೇ ಆ ಮಣ್ಣಿನ ಮೇಲೆ ಕೂತುಬಿಟ್ಟರು.

"ಎಷ್ಟು ಚಂದ ನೋಡಿದೀಯಲೇ ಆ ಮನುಷ್ಯಾನ್ನ," ಎಂದರು. "ದಿನಾ ಅವನ ಕೈಯಾಗಿನ ನೀರು ಕುಡದೀನಿ. ನಾ ಹಿಂಗ ನೋಡಿಲ್ಲ."

ಅವರು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಮೈಕ್ರೋಸ್ಕೋಪ್ ನೀ ತಗಂಡೀಯೇನು?"

"ಇಲ್ಲ ಸಾರ್, ನಮ್ಮವ್ವನಾಣಿ. ಅಯಸ್ಕಾಂತ ಅಷ್ಟ." ಚೀಲದಿಂದ ತೆಗೆದು ಕೊಟ್ಟೆ. "ಸಾರ್, ಹೆಡ್‌ಮಾಸ್ತರಿಗೆ ನಾ ಹೇಳ್ಲೇನ್ರಿ?"

"ನಾ ನಂಬ್ತೀನಿ. ಅವ್ರು ನಂಬಲ್ಲ. ಹದಿನಾಲ್ಕು ವರ್ಷದವಗ ಕಳ್ಳ ಅಂತ ಹೆಸರು ಬಂದ್ರ ಅದು ಸಾಯೂತನ ಹೋಗಲ್ಲ. ಸುಮ್ನಿರು. ನಾ ನೋಡ್ಕಂತೀನಿ."

ಸುಮ್ಮನಿದ್ದೆ. ಅವರು ಬೇಡ ಎನ್ನುತ್ತಾರೆ ಎಂದು ಗೊತ್ತಿದ್ದೇ ಕೇಳಿದ್ದೆ. ನನ್ನ ನಕಲಿಗಳಲ್ಲಿ ಅದೂ ಒಂದು.

ಅವರು ನೇರ ಹೆಡ್‌ಮಾಸ್ತರ ಕೋಣೆಗೆ ಹೋದರು. ನಾನು ಕಿಟಕಿಯ ಕೆಳಗೆ ಕೂತು ಕೇಳಿದೆ.

"ಆ ಕಾಗದ ತಪ್ಪು ಬರ್ದೀನ್ರಿ. ಆ ಹೆಜ್ಜಿ ಮರುಳಪ್ಪಂದಲ್ಲ."

"ಹಂಗಾರ ಯಾರದು?"

"ಅದು ಹೇಳಾಕ ಬರಲ್ರಿ."

"ಹೇಳಾಕ ಬರಲ್ಲ ಅಂದ್ರ ಕಾಗದ ವಾಪಸ್ ಕೊಡಾಕೂ ಬರಲ್ಲ, ಮೇಷ್ಟ್ರೇ. ಕಮಿಟಿ ಫೈಲಿಗೆ ಹೋಗೇತಿ ಅದು."

ಅವರಿಗೆ ಬೇಕಾದದ್ದು ಒಂದು ಹೆಸರು. ಆ ಹೆಸರು ಕಿಟಕಿಯ ಕೆಳಗೆ ಮೊಣಕಾಲಿಗೆ ಗಲ್ಲ ಆನಿಸಿ ಕೂತಿತ್ತು. ಒಬ್ಬನನ್ನು ಉಳಿಸಲು ಇನ್ನೊಬ್ಬನನ್ನು ಬಿಟ್ಟುಕೊಡಬೇಕಿತ್ತು. ಮೇಷ್ಟ್ರು ನನ್ನನ್ನು ಉಳಿಸಿದರು. ಅದು ಸರಿಯೇ ಎಂದು ಅವರನ್ನು ನಾನು ಒಮ್ಮೆಯೂ ಕೇಳಲಿಲ್ಲ, ಸರಿಯಲ್ಲ ಎಂದುಬಿಟ್ಟರೆ?

ಆಮೇಲೆ ಶನಿವಾರಗಳು ಇರಲಿಲ್ಲ. ಹಿಂಬಾಗಿಲ ಮಡಿಯಲ್ಲಿ ಹುಲ್ಲು ಬಂತು. ಮೇಷ್ಟ್ರು ಪುಸ್ತಕ ತೆರೆದು ಓದಿಸಿದರು, ಬೋರ್ಡಿಗೆ ಬರೆದರು, ಗಂಟೆ ಹೊಡೆದರೆ ಹೋದರು. ಏನು ಹೇಳಿದರೂ "ಆತು" ಅನ್ನುತ್ತಿದ್ದರು, 'ಆಮ್ಯಾಲೆ' ಕೇಳಲಿಲ್ಲ. ಒಂದು ದಿನ ಯಾರೋ ಕುರ್ಚಿಗೆ ಇಂಕು ಸುರಿದಿದ್ದರು. ಮೇಷ್ಟ್ರು ಬಗ್ಗಿ ನೋಡುತ್ತಾರೆ, ಭೂತಗನ್ನಡಿ ತೆಗೆಯುತ್ತಾರೆ ಎಂದು ಕ್ಲಾಸು ಕಾಯುತ್ತಿತ್ತು. ಅವರು ನೋಡದೆ ಕೂತರು. ಪೀರಿಯಡ್ಡು ಮುಗಿದ ಮೇಲೆ ಎದ್ದು, ಬೆನ್ನ ಹಿಂದೆ ನೀಲಿ ಹೊತ್ತು, ವರಾಂಡದ ತುಂಬ ನಡೆದು ಹೋದರು. ಯಾರೂ ನಗಲಿಲ್ಲ. ಇಂಕು ಸುರಿದವನೂ ನಗಲಿಲ್ಲ.

ಮರುವರ್ಷ ಶಾಲೆ ಶುರುವಾದಾಗ ಮೈಕ್ರೋಸ್ಕೋಪು ಸಿಕ್ಕಿತು. ಅದೇ ಕಮಿಟಿಯ ಕಾಲೇಜಿನ ಲ್ಯಾಬಿನಲ್ಲಿ, ಬಟ್ಟೆ ಹೊದಿಸಿ ಇಟ್ಟಿದ್ದರು. ಪ್ರಾಕ್ಟಿಕಲ್ ಪರೀಕ್ಷೆಗೆ ಬೇಕೆಂದು ಅಲ್ಲಿನ ಮೇಷ್ಟ್ರೊಬ್ಬರು ನಾನು ಲ್ಯಾಬಿಗೆ ಹೋದ ಹಿಂದಿನ ದಿನ, ಶುಕ್ರವಾರವೇ, ನಮ್ಮ ಗುಮಾಸ್ತರಿಗೆ ಹೇಳಿ, ಬೀಗ ತೆಗೆಸಿಕೊಂಡು ಒಯ್ದಿದ್ದರಂತೆ. ಗುಮಾಸ್ತರು ಮರೆತಿದ್ದರಂತೆ. ಅಂದರೆ ಕಳ್ಳತನವೇ ಆಗಿರಲಿಲ್ಲ. ನಾವು ಇಪ್ಪತ್ತು ಜನ, ಒಬ್ಬ ಮೇಷ್ಟ್ರು, ಒಂದು ಪ್ಲಾಸ್ಟರ್ ಅಚ್ಚು ಸೇರಿ, ನಡೆಯದ ಕಳ್ಳತನಕ್ಕೆ ಕಳ್ಳನನ್ನು ಹಿಡಿದು ಕೊಟ್ಟಿದ್ದೆವು. "ಸಿಕ್ತಲ್ಲ, ಒಳ್ಳೇದಾತು" ಎಂದರು ಹೆಡ್‌ಮಾಸ್ತರು. ಮರುಳಪ್ಪಣ್ಣನ ಜಾಗಕ್ಕೆ ಆಗಲೇ ಕಮಿಟಿಯವರ ಸಂಬಂಧಿಕ ಬಂದಾಗಿತ್ತು. ಮೇಷ್ಟ್ರು ಕಮಿಟಿಯ ಒಬ್ಬೊಬ್ಬರ ಮನೆಗೂ ಹೋಗಿ ಬಂದರು. ಎಲ್ಲರೂ ಚಾ ಕೊಟ್ಟರು.

ಮರುಳಪ್ಪಣ್ಣ ಹರಪನಹಳ್ಳಿಯಲ್ಲಿ ಒಂದು ಮಂಡಕ್ಕಿ ಭಟ್ಟಿಗೆ ಸೇರಿದ್ದ. ಆ ಬಿಸಿಯಲ್ಲಿ, ಆ ಕಾಲಿನಲ್ಲಿ, ನಿಂತು ಅಕ್ಕಿ ಹುರಿಯುವ ಕೆಲಸ. ಮೇಷ್ಟ್ರು ತಿಂಗಳಿಗೆ ಎರಡು ಭಾನುವಾರ ಹರಪನಹಳ್ಳಿ ಬಸ್ಸು ಹತ್ತತೊಡಗಿದರು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿ, ತಪ್ಪಿಸಿಕೊಳ್ಳಲಾಗದೆ ಕೇಳಿದೆ, "ಎಲ್ಲಿಗ್ರೀ ಸಾರ್?"

"ಮಂಡಕ್ಕಿ ತರಾಕ."

ಮಂಡಕ್ಕಿ ಮಿರ್ಚಿಗೆ ಹೆಸರಾದ ಕೊಟ್ಟೂರಿನ ಮನುಷ್ಯ ಮಂಡಕ್ಕಿಗೆ ಹರಪನಹಳ್ಳಿಗೆ ಹೋಗುತ್ತಾನೆ! ಬೇರೆ ಯಾರಾದರೂ ಹಾಗೆ ಹೇಳಿದ್ದರೆ ವಾರಗಟ್ಟಲೆ ಆಡಿಕೊಳ್ಳುತ್ತಿದ್ದೆ. ಸಂಜೆ ಅವರು ದೊಡ್ಡ ಚೀಲ ಹೊತ್ತು ಇಳಿಯುತ್ತಿದ್ದರು. ಓಣಿಯಲ್ಲಿ ಮನೆಮನೆಗೂ ಹಂಚುತ್ತಿದ್ದರು. ನಮ್ಮ ಮನೆಗೂ ಬರುತ್ತಿತ್ತು. ನಮ್ಮವ್ವ ಒಗ್ಗರಣೆ ಹಾಕಿ ತಟ್ಟೆಗೆ ಸುರಿದರೆ ನಾನು ಹಸಿವಿಲ್ಲ ಎಂದು ಎದ್ದು ಹೋಗುತ್ತಿದ್ದೆ.

ಪಿಯುಸಿಯಲ್ಲಿ ಡುಮ್ಕಿ ಹೊಡೆದು ನಾನು ಆರ್ಕೆಸ್ಟ್ರಾ ಒಂದಕ್ಕೆ ಸೇರಿದೆ. ಹಾಡಿನ ನಡುವೆ ಬಂದು ಹತ್ತು ನಿಮಿಷ ನಕಲಿ ಮಾಡುವ ಕೆಲಸ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆ ಮೈಕು ಹಿಡಿದಿದ್ದೇನೆ. ಮಂತ್ರಿಯಿಂದ ಮೊದಲುಗೊಂಡು ನಮ್ಮಪ್ಪನವರೆಗೆ ಯಾರನ್ನೂ ಬಿಟ್ಟಿಲ್ಲ. ಕುಂಟುವವರನ್ನು ಮಾತ್ರ ಮಾಡುವುದಿಲ್ಲ. ಮಾಡಿದರೆ ಜನ ನಗುತ್ತಾರೆ ಎಂದು ಗೊತ್ತು.

ಮೇಷ್ಟ್ರು ನಿವೃತ್ತರಾಗಿ ಹಿರೇಹಡಗಲಿಗೆ ಹೋದರು. ಅಲ್ಲಿಂದಲೂ ಹರಪನಹಳ್ಳಿಗೆ ಬರುತ್ತಿದ್ದರಂತೆ, ಮೈಯಲ್ಲಿ ಶಕ್ತಿ ಇರುವತನಕ. ಹೋದ ತಿಂಗಳು ಸುದ್ದಿ ಬಂದಾಗ ನಾನು ಹಡಗಲಿಯಲ್ಲೇ ಒಂದು ಕಾರ್ಯಕ್ರಮಕ್ಕೆ ಬಂದಿದ್ದೆ. ಮಣ್ಣು ಮಾಡುವ ಹೊತ್ತಿಗೆ ಹೋಗಲಾಗಲಿಲ್ಲ, ಮರುದಿನ ಮುಂಜಾನೆ ಹೋದೆ. ಮೇಷ್ಟ್ರ ಹೆಂಡತಿ ಒಳಗೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ, "ಇವ ಮಾಡಿದ್ರ ಅವರಿಗೆ ನಗು ಬರ್ತಿತ್ತು" ಎಂದು ಪಕ್ಕದವರಿಗೆ ಹೇಳಿದರು. ಅಲ್ಲಿ ನಿಲ್ಲಲಾಗದೆ ಅಂಗಳಕ್ಕೆ ಬಂದೆ. ಕಟ್ಟೆಯ ಮೇಲೆ ಮರುಳಪ್ಪಣ್ಣ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಭಟ್ಟಿಯ ಕಾವಿಗೆ ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು.

"ನೀ ಆ ನಕಲಿ ಹುಡುಗ ಅಲ್ಲೇನು?"

"ಹೌದ್ರಿ." ಪಕ್ಕದಲ್ಲಿ ಕೂತೆ.

ಅವನೇ ಮಾತು ತೆಗೆದ. "ಒಂಬತ್ತು ವರ್ಷ ಬಂದ್ರು ನೋಡು ಮೇಷ್ಟ್ರು. ಭಟ್ಟಿ ಮುಂದ ಕಲ್ಲಿನ ಮ್ಯಾಲೆ ಕುಂದ್ರತಿದ್ರು. ಬೈಯೋ ಮರುಳಪ್ಪಾ, ಒಂದ್ಸಲ ಬಾಯಿ ತುಂಬ ಬೈದುಬಿಡೋ ಅಂತಿದ್ರು. ನಾ ಚಾ ತರಿಸಿ ಕೊಟ್ಟು ಒಳಗ ಹೋಗ್ತಿದ್ದೆ. ಆ ಹೆಜ್ಜಿ ಯಾರದು ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

"ನಂದ್ರೀ," ಎಂದೆ.

ಅವನು ತಿರುಗಲಿಲ್ಲ. ಚೀಟಿ, ಚಪ್ಪಲಿ, ಅಯಸ್ಕಾಂತ, ಎಲ್ಲ ಹೇಳಿದೆ. ಸಾವಿರ ಜನರ ಮುಂದೆ ಮೈಕು ಹಿಡಿದು ತಡವರಿಸದವನು ಒಬ್ಬ ಮುದುಕನ ಮುಂದೆ ಮೂರು ಸಲ ಮಾತು ಮರೆತೆ. ಅವನು ಗಿಡ್ಡ ಕಾಲನ್ನು ಎರಡೂ ಕೈಯಿಂದ ನೀವಿಕೊಳ್ಳುತ್ತ ಕೇಳಿದ. ಮುಗಿದ ಮೇಲೂ ನೀವಿಕೊಳ್ಳುತ್ತಲೇ ಇದ್ದ.

"ನನಗರ ಬೈರಿ, ಮರುಳಪ್ಪಣ್ಣ," ಎಂದೆ. "ಎರಡು ಹೊಡೀರಿ. ಚಪ್ಲೀಲೇ ಹೊಡೀರಿ."

ಅವನು ಕಟ್ಟೆಗೆ ಕೈಯೂರಿ ಎದ್ದ. ಹೆಗಲ ಮೇಲಿನ ಟವೆಲ್ಲು ಕೊಡವಿದ. ಆಗ ನನ್ನ ಮುಖ ನೋಡಿದ.

"ಅಂಥಾ ಮೇಷ್ಟ್ರಿಗೇ ಬೈದು ಅವರ ಎದಿ ಹಗುರ ಮಾಡ್ಲಿಲ್ಲ ನಾ, ಒಂಬತ್ತು ವರ್ಷ. ನಿಂದು ಮಾಡ್ತೀನೇನಲೇ?"